ತೆರೆಯದ ಪೆಟ್ಟಿಗೆಗೆ ಸಹಿ ಹಾಕಬೇಕೇ?

ನಿಮ್ಮ ಮನೆಬಾಗಿಲಿಗೆ ಮೊಹರು ಹಾಕಿದ ಶವಪೆಟ್ಟಿಗೆಯೊಂದು ಬಂದಿದೆ ಎಂದುಕೊಳ್ಳಿ. ಒಳಗಿರುವುದು ನಿಮ್ಮ ಮಗನೇ ಎಂದು ಸರ್ಕಾರ ಹೇಳುತ್ತದೆ. ತೆರೆದು ನೋಡುವಂತಿಲ್ಲ. ಮಣ್ಣು ಮಾಡಿ, ಕಾಗದಕ್ಕೆ ಸಹಿ ಹಾಕಿದರೆ ಪರಿಹಾರದ ಹಣ ಸಿಗುತ್ತದೆ. ನೀವು ಸಹಿ ಹಾಕುವಿರಾ?

ಸಿಂಹಳ ನಿರ್ದೇಶಕ ಪ್ರಸನ್ನ ವಿತಾನಗೆಯವರ 1997ರ ಚಿತ್ರ ‘ಪುರಹಂದ ಕಳುವರ’ ಈ ಪ್ರಶ್ನೆಯನ್ನು ವನ್ನಿಹಾಮಿ ಎಂಬ ಮುದುಕನ ಮುಂದಿಡುತ್ತದೆ. ಹೆಸರಿನ ಅರ್ಥ ಹುಣ್ಣಿಮೆಯ ಕತ್ತಲೆ. ಶ್ರೀಲಂಕಾದಲ್ಲಿ 1983ರಿಂದ 2009ರವರೆಗೆ ನಡೆದ ಅಂತರ್ಯುದ್ಧದ ಕಾಲದ ಕಥೆ. ಮಳೆ ಕಾಣದೆ ಒಣಗಿದ ಹಳ್ಳಿ. ಮಗ ಬಂಡಾರ ಸೈನ್ಯಕ್ಕೆ ಸೇರಿದವನು. ಮುದುಕನಿಗೆ ಕಣ್ಣಿಲ್ಲ. ಆ ಪಾತ್ರದಲ್ಲಿ ಜೋ ಅಬೇವಿಕ್ರಮ ಮಾತಿಗಿಂತ ಮೌನದಿಂದಲೇ ಹೆಚ್ಚು ಹೇಳಿದ್ದಾರೆ. ಊರೆಲ್ಲ ಅತ್ತು ಪೆಟ್ಟಿಗೆಯನ್ನು ಮಣ್ಣು ಮಾಡುತ್ತದೆ. ಅವನೊಬ್ಬ ಮಾತ್ರ ಮಗ ಸತ್ತನೆಂದು ಒಪ್ಪುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ.

ಮೊಂಡುತನ ಎನ್ನೋಣವೇ? ಹಣ ಬೇಕೆನ್ನುವ ಮನೆಯವರೇನೂ ಆಸೆಬುರುಕರಲ್ಲ. ಬಡತನವಿದೆ, ಮಗಳು ಸುನಂದಳ ಮದುವೆ ಆಗಬೇಕಾಗಿದೆ. ಸತ್ತವನಿಗಾಗಿ ಬದುಕಿರುವವರು ಕಷ್ಟಪಡಬೇಕೇ ಎಂದು ಅವರು ಕೇಳಿದರೆ ಅದರಲ್ಲಿ ನ್ಯಾಯವಿದೆ. ತಂದೆಯ ಭರವಸೆಗೆ ಮಕ್ಕಳು ಬೆಲೆ ತೆರುವುದು ಸಣ್ಣ ಮಾತಲ್ಲ. ನನಗೆ ಉತ್ತರ ಹೇಳಲು ಕಷ್ಟವಾಗುವುದು ಇಲ್ಲಿಯೇ.

ಭರವಸೆ ಎಂದರೇನು? ಸಂತ ತೋಮಸ್ ಅಕ್ವೀನಾಸರು ಅದನ್ನು ಬರಿಯ ಬಯಕೆಯಿಂದ ಬೇರ್ಪಡಿಸುತ್ತಾರೆ. ಭರವಸೆಯ ಗುರಿ ಒಳಿತಾಗಿರಬೇಕು, ಇನ್ನೂ ಬರಬೇಕಾದುದಾಗಿರಬೇಕು, ಕಷ್ಟದ್ದಾಗಿರಬೇಕು, ಆದರೂ ಸಾಧ್ಯವಾದುದಾಗಿರಬೇಕು. ಸಾಧ್ಯತೆ ಅಳಿದ ಮೇಲೂ ಹಿಡಿದುಕೊಂಡು ಕುಳಿತರೆ ಅದು ಭ್ರಮೆ. ಸರಿ, ವನ್ನಿಹಾಮಿಯ ಪಾಲಿಗೆ ಸಾಧ್ಯತೆ ಅಳಿದಿದೆ ಎಂದವರು ಯಾರು? ಒಂದು ಮೊಹರು. ಕಣ್ಣಿದ್ದವರು ಮೊಹರನ್ನು ನಂಬಿದರು. ಕಣ್ಣಿಲ್ಲದವನು ಒಳಗೇನಿದೆ ಎಂದು ಕೇಳಿದ. ರಕ್ತ ಹತ್ತಿದ ಅಂಗಿಯನ್ನು ನೋಡಿ ಯಕೋಬನು ಜೋಸೆಫ್ ಸತ್ತನೆಂದೇ ನಂಬಿದ್ದು ನಿಮಗೆ ನೆನಪಿರಬಹುದು.

ಕೊನೆಗೆ ಅವನೇ ಗೋರಿ ಅಗೆಯಲು ಹೋಗುತ್ತಾನೆ. ಪೆಟ್ಟಿಗೆಯಲ್ಲಿ ಇರುವುದು ಬಾಳೆದಿಂಡು ಮತ್ತು ಕಲ್ಲು.

ಹಾಗಾದರೆ ಮುದುಕ ಗೆದ್ದನೇ? ಇಲ್ಲಿ ಎಚ್ಚರ ಬೇಕು. ದೇಹವಿಲ್ಲ ಎಂದ ಮಾತ್ರಕ್ಕೆ ಮಗ ಬದುಕಿದ್ದಾನೆ ಎಂದಾಗುವುದಿಲ್ಲ. ಯುದ್ಧಭೂಮಿಯಲ್ಲಿ ಎಷ್ಟೋ ದೇಹಗಳು ಸಿಗುವುದೇ ಇಲ್ಲ. ನನ್ನ ಮಟ್ಟಿಗೆ, ಪೆಟ್ಟಿಗೆಯಲ್ಲಿ ಬಂಡಾರನೇ ಇದ್ದಿದ್ದರೂ ತಂದೆ ಮಾಡಿದ್ದು ಸರಿಯೇ. ಸಹಿ ಎಂದರೆ ಸಾಕ್ಷಿ. ತನಗೆ ತಿಳಿಯದ್ದಕ್ಕೆ ಸಾಕ್ಷಿ ಹೇಳು ಎಂದು ಬಡವನನ್ನು ಹಣ ತೋರಿಸಿ ಕೇಳುವುದು ಅನ್ಯಾಯ. ಮನೆಯವರಿಗೆ ಸಮಾಧಾನವಾಗಲಿ ಎಂಬ ಕರುಣೆಯಿಂದಲೇ ಆ ದಿಂಡು ತುಂಬಿದ್ದಿರಬಹುದು. ಆದರೆ ಇನ್ನೊಬ್ಬರ ದುಃಖವನ್ನು ಸುಳ್ಳು ಹೇಳಿ ಮುಗಿಸಿಬಿಡುವ ಹಕ್ಕು ಕರುಣೆಗೂ ಇಲ್ಲ. ತಪ್ಪು ಮಕ್ಕಳದ್ದಲ್ಲ, ತಂದೆಯದ್ದೂ ಅಲ್ಲ. ಅನ್ನವನ್ನೂ ಸತ್ಯವನ್ನೂ ಒಂದೇ ಕಾಗದಕ್ಕೆ ಕಟ್ಟಿಹಾಕಿದವರದ್ದು.

2000ದಲ್ಲಿ ಸರ್ಕಾರ ಈ ಚಿತ್ರದ ಬಿಡುಗಡೆಯನ್ನು ತಡೆಯಿತು. ನಿರ್ದೇಶಕರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದ ಮೇಲೆ 2001ರಲ್ಲಿ ಜನ ನೋಡಿದರು.

ಆ ಗಂಟನ್ನು ಸ್ವಲ್ಪವಾದರೂ ಸಡಿಲಿಸಿದ್ದು 2016ರ ಒಂದು ಕಾನೂನು. ಕಾಣೆಯಾದವರ ಮನೆಯವರು ಮರಣಪತ್ರವನ್ನೇ ಪಡೆಯಬೇಕಾಗಿಲ್ಲ, ‘ಕಾಣೆಯಾಗಿದ್ದಾರೆ’ ಎಂಬ ಪ್ರಮಾಣಪತ್ರ ಪಡೆಯಬಹುದು. ಅದರ ಆಧಾರದ ಮೇಲೆ ಸರ್ಕಾರದ ನೆರವು ಕೇಳಬಹುದು, ಆಸ್ತಿಪಾಸ್ತಿ ನೋಡಿಕೊಳ್ಳಬಹುದು. ಸತ್ತ ಎಂದು ಬರೆದುಕೊಡದೆ ಅನ್ನ ಉಣ್ಣುವ ದಾರಿ. ವನ್ನಿಹಾಮಿಯ ಮಕ್ಕಳಿಗೆ ಅದು ಇರಲಿಲ್ಲ.

ಹಾಗೆಂದು ಎಲ್ಲ ಮುಗಿಯಲಿಲ್ಲ. ವನ್ನಿಹಾಮಿ ಸಿಂಹಳ ಸೈನಿಕನ ತಂದೆ. ಅದೇ ಪ್ರಶ್ನೆಯನ್ನು ಹಿಡಿದು ಉತ್ತರದ ಕಿಳಿನೊಚ್ಚಿಯಲ್ಲಿ ತಮಿಳು ತಾಯಂದಿರು 2017ರ ಫೆಬ್ರವರಿಯಲ್ಲಿ ಮಕ್ಕಳ ಭಾವಚಿತ್ರಗಳೊಂದಿಗೆ ರಸ್ತೆಬದಿಯಲ್ಲಿ ಧರಣಿ ಕುಳಿತರು. 2022ರಲ್ಲಿ ಇಂಥ ಕುಟುಂಬಗಳಿಗೆ ಒಂದು ಲಕ್ಷ ರೂಪಾಯಿ ಕೊಡಲು ಸಂಪುಟ ಒಪ್ಪಿತು. ಹಲವು ತಾಯಂದಿರು ಹಣ ಬೇಡವೆಂದರು. ಅವರು ಕೇಳುತ್ತಿದ್ದುದು ಮಕ್ಕಳು ಏನಾದರು ಎಂದು.