ಶಿಕ್ಷೆ ಮುಗಿಯುವುದು ಯಾವಾಗ?

ಕೋರ್ಟು ಬರೆದ ಶಿಕ್ಷೆಗೆ ಒಂದು ಲೆಕ್ಕ ಇರುತ್ತದೆ. ಐದು ವರ್ಷ, ಹದಿನೈದು ವರ್ಷ. ಅದು ಬರೆಯದೆ ಬಿಟ್ಟ ಶಿಕ್ಷೆಗೆ ಲೆಕ್ಕ ಇಡೋರು ಯಾರು? ಜೈಲಿನಿಂದ ಹೊರಬಂದ ಮೇಲೆ ಸಿಗದ ಕೆಲಸ, ಕೈತಪ್ಪಿದ ಪಿಂಚಣಿ, ಮಕ್ಕಳ ಮುಂದೆ ತಗ್ಗಿದ ತಲೆ, ಇವು ಯಾವ ತೀರ್ಪಿನ ಹಾಳೆಯಲ್ಲೂ ಇರೋದಿಲ್ಲ. ಸಿಪಾಯಿಗಳ ವಿಷಯದಲ್ಲಿ ಈ ಬರೆಯದ ಶಿಕ್ಷೆಯೇ ದೊಡ್ಡದು. ಸೈನ್ಯದಿಂದ ಯಾವ ಚೀಟಿ ಹಿಡಿದು ಹೊರಬಂದೆ ಅನ್ನೋದರ ಮೇಲೆ ಅವನ ಮುಂದಿನ ಬದುಕೆಲ್ಲ ನಿಂತಿರುತ್ತದೆ.

ಅಮೆರಿಕದ ಒಂದು ಕೇಸು ನೋಡೋಣ. ಕ್ಯಾಲಿಫೋರ್ನಿಯಾದ ಪೋರ್ಟ್ ಷಿಕಾಗೋ ಎಂಬ ನೌಕಾನೆಲೆ. ಎರಡನೇ ಮಹಾಯುದ್ಧದ ಕಾಲ. ಹಡಗಿಗೆ ಬಾಂಬು, ಮದ್ದುಗುಂಡು ತುಂಬುವ ನಾವಿಕರೆಲ್ಲ ಕರಿಯರು. ನಿಂತು ಅಪ್ಪಣೆ ಕೊಡುವ ಅಧಿಕಾರಿಗಳೆಲ್ಲ ಬಿಳಿಯರು. ಮದ್ದುಗುಂಡನ್ನು ಹೇಗೆ ಮುಟ್ಟಬೇಕು ಅಂತ ಆ ಹುಡುಗರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಯಾವ ತಂಡ ಹೆಚ್ಚು ಟನ್ ತುಂಬುತ್ತದೆ ಅಂತ ಅಧಿಕಾರಿಗಳು ಪಂಥ ಕಟ್ಟುತ್ತಿದ್ದರು. 1944ರ ಜುಲೈ 17ರ ರಾತ್ರಿ ಎಲ್ಲ ಸಿಡಿಯಿತು. 320 ಜನ ಸತ್ತರು. ಅವರಲ್ಲಿ 202 ಮಂದಿ ಕರಿಯ ನಾವಿಕರು. ಬದುಕುಳಿದ ಬಿಳಿಯ ಅಧಿಕಾರಿಗಳಿಗೆ ರಜೆ ಸಿಕ್ಕಿತು. ಕರಿಯರಿಗೆ ಗೆಳೆಯರ ದೇಹದ ಚೂರುಗಳನ್ನು ಆಯುವ ಕೆಲಸ ಸಿಕ್ಕಿತು. ಮೂರು ವಾರ ಕಳೆದ ಮೇಲೆ ಹತ್ತಿರದ ಇನ್ನೊಂದು ನೆಲೆಯಲ್ಲಿ ‘ಮತ್ತೆ ತುಂಬಿ’ ಎಂದಾಗ 258 ಮಂದಿ ಒಲ್ಲೆವು ಎಂದರು.

50 ಮಂದಿಯ ಮೇಲೆ ದಂಗೆಯ ಆರೋಪ ಬಿತ್ತು. ಅಷ್ಟೂ ಜನರ ತಪ್ಪು ತೀರ್ಮಾನಿಸಲು ಮಿಲಿಟರಿ ಕೋರ್ಟಿಗೆ ಒಂದೂವರೆ ಗಂಟೆಯೂ ಹಿಡಿಯಲಿಲ್ಲ. 15 ವರ್ಷದವರೆಗೆ ಸೆರೆ, ಜೊತೆಗೆ ಅವಮಾನದ ವಜಾ. ಉಳಿದ 208 ಮಂದಿಗೂ ಆಜ್ಞೆ ಮೀರಿದ ಅಪರಾಧ ಹೊರಿಸಿ ಶಿಕ್ಷೆ ಕೊಟ್ಟರು. ಸ್ಫೋಟಕ್ಕಾಗಿ ಶಿಕ್ಷೆ ಉಂಡ ಅಧಿಕಾರಿ ಒಬ್ಬನೂ ಇಲ್ಲ. ಯುದ್ಧ ಮುಗಿದು, 1946ರ ಜನವರಿಯಲ್ಲಿ ಸೆರೆಯಲ್ಲಿದ್ದ ಹೆಚ್ಚಿನವರನ್ನು ಬಿಟ್ಟರು. ಮನುಷ್ಯರು ಹೊರಗೆ ಬಂದರು, ಅಪರಾಧ ಕಾಗದದಲ್ಲೇ ಉಳಿಯಿತು.

‘ಸೈನ್ಯ ಅಂದಮೇಲೆ ಶಿಸ್ತು ಬೇಡವೇ? ಒಬ್ಬ ಒಲ್ಲೆ ಅಂದರೆ ಉಳಿದವರ ಪ್ರಾಣಕ್ಕೆ ಸಂಚಕಾರ ಅಲ್ಲವೇ?’ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆಜ್ಞೆ ಮೀರಿದವನಿಗೆ ಶಿಕ್ಷೆ ಇರಲಿ ಅಂತಲೇ ವಾದಕ್ಕೆ ಒಪ್ಪಿಕೊಳ್ಳೋಣ. ಆಗಲೂ ಆ ಶಿಕ್ಷೆಗೆ ಒಂದು ಕೊನೆ ಬೇಕಲ್ಲ? ಶಿಸ್ತಿಗಾಗಿ ಕೊಟ್ಟ ಶಿಕ್ಷೆ ಯುದ್ಧ ಮುಗಿದ ಮೇಲೂ, ಸಮವಸ್ತ್ರ ಬಿಚ್ಚಿದ ಮೇಲೂ ಬೆನ್ನು ಹತ್ತಿದರೆ ಅದು ಯಾವ ಶಿಸ್ತನ್ನು ಕಾಯುತ್ತದೆ?

ಇನ್ನೊಂದು ಮಾತು. ಕಾನೂನಿನ ಹೊರೆ ಎಲ್ಲರಿಗೂ ಒಂದೇ ತೂಕ ಅನ್ನೋದು ಸುಳ್ಳು. ಆ 1944ರ ಜೂನ್ ತಿಂಗಳಲ್ಲೇ ಅಮೆರಿಕ ಒಂದು ಕಾನೂನು ಮಾಡಿತು: ಯುದ್ಧದಿಂದ ಮರಳಿದವನಿಗೆ ಕಾಲೇಜಿನ ಫೀಜು, ಮನೆ ಕಟ್ಟಲು ಸಾಲದ ಆಸರೆ. ಅವಮಾನದ ವಜಾ ಆದವನಿಗೆ ಮಾತ್ರ ಇಲ್ಲ. ಜಮೀನು, ಅಂಗಡಿ, ನೆಂಟರ ಬಲ ಇದ್ದವನು ಈ ನಷ್ಟ ತಡೆದುಕೊಂಡಾನು. ಸಮವಸ್ತ್ರವನ್ನೇ ಏಣಿ ಮಾಡಿಕೊಂಡು ಮೇಲೆ ಬರಲು ಹೊರಟ ಬಡವನ ಗತಿ ಏನು? ಏಣಿಯ ಜೊತೆಗೆ ಅವನ ಹೆಂಡತಿ, ಮಕ್ಕಳೂ ಬೀಳುತ್ತಾರೆ. ಅವರ ಮೇಲೆ ಯಾರೂ ಆರೋಪ ಹೊರಿಸಿರಲಿಲ್ಲ.

ನಮ್ಮ ದೇಶದಲ್ಲೂ ಸೇನಾ ಕಾಯ್ದೆಯಡಿ ವಜಾ ಆದವನು ಹಿಂದಿನ ಅಷ್ಟೂ ವರ್ಷದ ದುಡಿಮೆಯ ಪಿಂಚಣಿ ಕಳೆದುಕೊಳ್ಳುತ್ತಾನೆ. ವಿಶೇಷ ಪ್ರಕರಣ ಅಂತ ಮೇಲಿನವರು ಮನಸ್ಸು ಮಾಡಿದರೆ ಕೊಡಬಹುದು. ಅಂದರೆ ದುಡಿದು ಗಳಿಸಿದ್ದು ದಾನವಾಗಿ ಬರಬೇಕು.

ಈ ಶಿಕ್ಷೆ ಗೋರಿಯವರೆಗೂ ಹೋಗುತ್ತದೆ. 1917ರ ಹ್ಯೂಸ್ಟನ್ ಗಲಭೆಯ ಕೇಸಿನಲ್ಲಿ 110 ಕರಿಯ ಸಿಪಾಯಿಗಳನ್ನು ಅಪರಾಧಿಗಳೆಂದು ತೀರ್ಮಾನಿಸಿ 19 ಮಂದಿಯನ್ನು ನೇಣಿಗೆ ಹಾಕಿದರು. ಸೈನಿಕರ ಸ್ಮಶಾನದಲ್ಲಿ ಅವರ ಕಲ್ಲಿನ ಮೇಲೆ ಹೆಸರು, ಸತ್ತ ದಿನ ಅಷ್ಟೇ. ಹುದ್ದೆ ಇಲ್ಲ, ಪಡೆಯ ಹೆಸರಿಲ್ಲ. 2023ರಲ್ಲಿ ಸೈನ್ಯ ಆ ತೀರ್ಪುಗಳನ್ನು ರದ್ದು ಮಾಡಿತು. 2024ರಲ್ಲಿ ಹೊಸ ಕಲ್ಲು ನೆಟ್ಟರು. ಸತ್ತವನು ಮತ್ತೆ ಸಿಪಾಯಿ ಆಗಲು ನೂರು ವರ್ಷ ಮೀರಿತು.

ಪೋರ್ಟ್ ಷಿಕಾಗೋದ ಫ್ರೆಡ್ಡಿ ಮೀಕ್ಸ್ ಎಂಬ ಮುದುಕನಿಗೆ 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೊಟ್ಟ. ಬದುಕುಳಿದಿದ್ದ ಬೇರೆ ಕೆಲವರು ಕ್ಷಮೆ ಕೇಳಲೇ ಇಲ್ಲ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ ಅನ್ನೋದು ಅವರ ನಿಲುವು. ಮೀಕ್ಸ್ ಸೋತ, ಇವರು ಗೆದ್ದರು ಅಂತ ತೂಗುವ ಹಕ್ಕು ನಮಗಿಲ್ಲ. ಸಾಯುವ ಮುಂಚೆ ಹೆಸರು ತೊಳೆದುಕೊಳ್ಳುವ ಆಸೆ ಸಣ್ಣದೇನೂ ಅಲ್ಲ. ಆದರೆ ಕ್ಷಮೆಗೂ ನ್ಯಾಯಕ್ಕೂ ಇರುವ ದೂರ ಇಲ್ಲಿ ಕಾಣುತ್ತದೆ. ಕ್ಷಮಿಸುವವನು ಮೇಲೆಯೇ ನಿಂತಿರುತ್ತಾನೆ. ತಪ್ಪು ಕೆಳಗಿದ್ದವನದೇ ಆಗಿರುತ್ತದೆ. ನ್ಯಾಯ ಕೊಡಬೇಕಾದರೆ ಪ್ರಭುತ್ವ ತನ್ನ ತಪ್ಪು ತಾನು ಹೇಳಬೇಕು. ಅದನ್ನು ಹೇಳಲು ಅಮೆರಿಕದ ನೌಕಾಪಡೆ 80 ವರ್ಷ ತೆಗೆದುಕೊಂಡಿತು. ಇಬ್ಬರ ತೀರ್ಪು ಮೊದಲೇ ಬಿದ್ದುಹೋಗಿತ್ತು; ಉಳಿದ 256 ಮಂದಿಯೂ ನಿರ್ದೋಷಿಗಳೆಂದು 2024ರ ಜುಲೈ 17ರಂದು ಸಾರಿತು.

ಹಾಗಾದರೆ ಮಾಡಬೇಕಾದ್ದೇನು? ಸೆರೆಗೆ ಅವಧಿ ಇರುವಂತೆ ಕಳಂಕಕ್ಕೂ ಅವಧಿ ಇರಬೇಕು. ದುಡಿದು ಗಳಿಸಿದ್ದನ್ನು ಕಿತ್ತುಕೊಳ್ಳುವುದಾದರೆ ಅದನ್ನು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಬೇಕು, ಅದಕ್ಕೆ ಉತ್ತರ ಕೊಡಲು ಸಿಪಾಯಿಗೆ ಅವಕಾಶ ಇರಬೇಕು. ಮರುವಿಚಾರಣೆ ಅವನು ಬದುಕಿರುವಾಗಲೇ ಆಗಬೇಕು. ಗೋರಿಯ ಕಲ್ಲು ತಿದ್ದುವುದು ಸುಲಭ, ಕಲ್ಲು ಪಿಂಚಣಿ ಕೇಳೋದಿಲ್ಲ.