ಅಪೀಲು ಮತ್ತು ಗಾಯಾಳುವಿನ ಹಕ್ಕು



ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮ ಹುಡುಗನೊಬ್ಬ ಟೆಂಪೊವನ್ನು ಅತಿವೇಗದಿಂದ ಓಡಿಸಿ, ಕಬ್ಬಿನ ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದ ರೈತನ ಕಾಲು ಮುರಿದನೆಂದು ಇಟ್ಟುಕೊಳ್ಳಿ. ಮ್ಯಾಜಿಸ್ಟ್ರೇಟರು ಆರು ತಿಂಗಳ ಸಜೆ ವಿಧಿಸಿದರು. ಅಂದು ಸಂಜೆ ಮನೆಯಲ್ಲಿ ಏಳುವ ಮೊದಲ ಮಾತು 'ಅಪೀಲು ಹಾಕೋಣ' ಎಂಬುದೇ. ಆ ರೈತ ಈಗ ಹೇಗಿದ್ದಾನೆ ಎಂದು ಎಷ್ಟು ಮನೆಗಳಲ್ಲಿ ಕೇಳುತ್ತಾರೆ?

ಅಪೀಲು ಹಾಕುವುದು ಪಾಪವಲ್ಲ. 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬಹುದು. ತೀರ್ಪು ಬರುವವರೆಗೆ ಸಜೆಯನ್ನು ಅಮಾನತಿನಲ್ಲಿಡುವಂತೆ ಕೋರಲೂಬಹುದು. 2024ರ ಜುಲೈ 1ಕ್ಕೆ ಮುಂಚಿನ ಅಪಘಾತವಾದರೆ ಹಳೆಯ ದಂಡಸಂಹಿತೆಯ 338ನೇ ಕಲಮು: ಹೆಚ್ಚೆಂದರೆ ಎರಡು ವರ್ಷ ಸಜೆ, ಇಲ್ಲವೇ 1,000 ರೂಪಾಯಿ ಜುಲ್ಮಾನೆ, ಇಲ್ಲವೇ ಎರಡೂ. (ಒಂದು ಕಾಲಿನ ಬೆಲೆ ಸಾವಿರ ರೂಪಾಯಿ!) ಅನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯಂತೆ ಸಜೆ ಮೂರು ವರ್ಷದವರೆಗೆ, ಜುಲ್ಮಾನೆ 10,000ದವರೆಗೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಶಿಕ್ಷೆ ಹೆಚ್ಚಾಯಿತೆಂದು ಚಾಲಕ ಅಪೀಲು ಹಾಕಬಹುದು. ಶಿಕ್ಷೆ ಕಡಿಮೆಯಾಯಿತೆಂದು ಗಾಯಾಳು ಅಪೀಲು ಹಾಕುವಂತಿಲ್ಲ. ಅದನ್ನು ಸರಕಾರವೇ ಮಾಡಬೇಕು. 1987ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸರಕಾರ ಹಾಗೆ ಮಾಡಿತು. ಅದು ಸಾವಿನ ಪ್ರಕರಣ. ಚಾಲಕನಿಗೆ ಬರೀ ಜುಲ್ಮಾನೆ ಹಾಕಿ ಬಿಟ್ಟದ್ದನ್ನು ಒಪ್ಪದೆ ಸುಪ್ರೀಂ ಕೋರ್ಟು ಆರು ತಿಂಗಳ ಕಠಿಣ ಸಜೆ ವಿಧಿಸಿತು.

ಆದ್ದರಿಂದ ಅಪೀಲಿನಲ್ಲಿ ಏನನ್ನು ಹೇಳುತ್ತೇವೆ ಎಂಬುದೇ ಮುಖ್ಯ. ದುಡಿಯುವವನು ಇವನೊಬ್ಬನೇ, ಹಿಂದೆ ಯಾವ ತಪ್ಪೂ ಮಾಡಿಲ್ಲ, ತಾನೇ ಆಸ್ಪತ್ರೆಗೆ ಸೇರಿಸಿದ್ದಾನೆ ಎಂಬುದು ನಿಜವಾದರೆ ಧಾರಾಳವಾಗಿ ಹೇಳಲಿ. ಆದರೆ 'ಕ್ಲೀನರ್ ಓಡಿಸುತ್ತಿದ್ದ', 'ಅವನೇ ಅಡ್ಡ ಬಂದ' ಎಂದು ಸುಳ್ಳು ಹೇಳಿ ಬಿಡುಗಡೆ ಪಡೆದರೆ? ಮಾತಿನ ಚಾತುರ್ಯದಿಂದ ತನ್ನ ಮುಂದೆ ವ್ಯಾಜ್ಯ ಗೆದ್ದು ಸಹೋದರನ ಹಕ್ಕನ್ನು ಪಡೆದವನು ನರಕಾಗ್ನಿಯ ತುಂಡನ್ನೇ ಪಡೆದಿದ್ದಾನೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಪ್ರವಾದಿವರ್ಯರ ತೀರ್ಪೇ ಸುಳ್ಳುಗಾರನನ್ನು ಉಳಿಸದಿದ್ದರೆ ಸೆಷನ್ಸ್ ನ್ಯಾಯಾಧೀಶರ ತೀರ್ಪು ಉಳಿಸೀತೇ?

'ಎಲ್ಲ ತಖ್ದೀರ್' ಎನ್ನುವವರೂ ಇದ್ದಾರೆ. ಆಕ್ಸಿಲರೇಟರ್ ಒತ್ತಿದ್ದು ನಮ್ಮ ಕಾಲು. ಅರಿಯದೆ ಕೊಂದವನ ಮೇಲೂ ಪವಿತ್ರ ಕುರ್‌ಆನ್ 'ಅನ್ನಿಸಾ' ಅಧ್ಯಾಯದಲ್ಲಿ ಪರಿಹಾರಧನವನ್ನೂ ಪ್ರಾಯಶ್ಚಿತ್ತವನ್ನೂ ಹೊರಿಸಿದೆ. ಉದ್ದೇಶವಿರಲಿಲ್ಲ ಎಂಬುದು ಋಣವನ್ನು ತೀರಿಸುವುದಿಲ್ಲ. ವಿಮಾ ಕಂಪೆನಿ ಹಣ ಕೊಟ್ಟಿತೆಂದರೆ ನಾವು ಕ್ಷಮೆ ಕೇಳಿದಂತೆಯೂ ಆಗುವುದಿಲ್ಲ.

ಕಬ್ಬು ಕಡಿಯುವ ಕಾಲದಲ್ಲಿ ಕಾಲು ಮುರಿದುಕೊಂಡವನ ಬೆಳೆಯನ್ನು ಕಾರ್ಖಾನೆಗೆ ಸಾಗಿಸುವವರಾರು? ಮಕ್ಕಳ ಶಾಲೆಯ ಫೀಸು ಕಟ್ಟುವವರಾರು? ಮಂಡ್ಯದ ವಕೀಲರ ಬಳಿಗೆ ಹೋಗುವ ದಾರಿಯಲ್ಲೇ ಅವನ ಊರಿದ್ದರೆ ಒಮ್ಮೆ ಇಳಿದು ಹೋಗಿ ನೋಡಿ. ಹುಡುಗನನ್ನೂ ಕರೆದುಕೊಂಡು ಹೋಗಿ. ಹೋಗುವಾಗ ರಾಜಿಪತ್ರವನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ.