ಗುರುವಿನ ವೇಳೆ ಯಾರಿಗೆ ಸಲ್ಲಬೇಕು?

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರೂ ಊರುಗಳು ಒಂದೇ ರೈಲುಹಾದಿಯ ಮೇಲಿರುವವು. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೇಬೆನ್ನೂರಿನಲ್ಲಿ ಈ ಕಡೆಯ ಪ್ರೌಢರಿಗಾಗಿ ಒಂದು ಸಂಜೆಯ ಇಂಗ್ಲಿಷ್ ವರ್ಗವನ್ನು ನಾನು ಕೆಲವು ಕಾಲ ನಡೆಸಿದೆನು. ಅಲ್ಲಿ ಪದವೀಧರ ತರುಣರಿದ್ದರು. ಅವರಿಗೆ ವ್ಯಾಕರಣವು ಕರತಲಾಮಲಕ, ಮಾತು ಮಾತ್ರ ಬಾರದು. ಬ್ಯಾಡಗಿಯ ಕಡೆಯ ಹಿರಿಯ ರೈತರೊಬ್ಬರೂ ಇದ್ದರು. ಅವರಿಗೆ ಇಂಗ್ಲಿಷ್ ಅಕ್ಷರಗಳೇ ಹೊಸವು. ಇಂಥ ವರ್ಗದಲ್ಲಿ ಗುರುವಿನ ವೇಳೆಯು ಯಾರಿಗೆ ಸಲ್ಲಬೇಕು?

ಬಲ್ಲವರ ಸಂಗಡ ನಡೆದರೆ ಹೊಸಬರು ಹಿಂದುಳಿಯುವರು. ಹೊಸಬರಿಗಾಗಿ ನಿಂತರೆ ಬಲ್ಲವರು ಬೇಸತ್ತು ಏಳುವರು. ಎಲ್ಲರಿಗೂ ಸಮನಾಗಿ ಹಂಚಿದರೆ ನ್ಯಾಯವಾಯಿತೆಂದು ನಾನು ತಿಳಿದಿದ್ದೆನು. ಒಂದು ಸಂಜೆ, ಸರದಿಯಂತೆ ಎಲ್ಲರೂ ಎದ್ದು ಓದಬೇಕೆಂದೆನು. ಆ ಹಿರಿಯರು ಎದ್ದರು, ಪುಸ್ತಕವನ್ನು ನೋಡುತ್ತ ಸುಮ್ಮನೆ ನಿಂತರು. ಯಾರೋ ನಕ್ಕರು. ಮರುದಿನ ಅವರು ಬರಲಿಲ್ಲ. ಮಗುವು ಅರಿಯದಿರುವದು ಸಹಜವು. ಆದರೆ ಮನೆಯ ಯಜಮಾನನು ನಾಲ್ಕು ಜನರೆದುರಿಗೆ ಅರಿಯದವನಾಗಿ ನಿಲ್ಲುವದು ಎಷ್ಟು ಕಠಿಣವೆಂಬದನ್ನು ನಾನು ಯೋಚಿಸಿರಲಿಲ್ಲ.

ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆನು. ಅವರು ಮೆಣಸಿನಕಾಯಿ ಬೀಜದ ಪಾಕೀಟೊಂದನ್ನು ಮುಂದಿಟ್ಟು, "ಇಷ್ಟ ಓದಾಕ ಬಂದ್ರ ಸಾಕ್ರೀ, ಮಾಸ್ತರ" ಎಂದರು.

ಮರುದಿನ ಅವರು ಬಂದರು; ಆ ಪಾಕೀಟೇ ಪಾಠವಾಯಿತು. ಹೊಸಬರು ಅದರ ಮೇಲಿನ ಅಕ್ಷರಗಳನ್ನೂ ತಾರೀಖುಗಳನ್ನೂ ಹುಡುಕಿದರು. ಪದವೀಧರರು ಅದರ ಸಂಗತಿಯನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಂದ ವಿವರಿಸಬೇಕಾಯಿತು. 'ಜರ್ಮಿನೇಶನ್' ಎಂಬ ಶಬ್ದವನ್ನು ತರುಣರು ಸರಾಗವಾಗಿ ಓದಿದರು. ಪ್ರಮಾಣಿತ ಮೆಣಸಿನಕಾಯಿ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆಯು ನೂರಕ್ಕೆ 60. ಅಂದರೆ 40 ಬೀಜಗಳು ಹುಟ್ಟದೆ ಹೋಗಬಹುದು. ಆದುದರಿಂದ ಸಸಿಮಡಿಯಲ್ಲಿ ಎಷ್ಟು ಹೆಚ್ಚು ಬೀಜ ಬಿತ್ತಬೇಕೆಂಬದನ್ನು ಹಿರಿಯರೇ ಹೇಳಿಕೊಟ್ಟರು. ಅಂದು ಯಾರೂ ನಗಲಿಲ್ಲ.

ಬಲ್ಲವರನ್ನೇ ಉಳಿದವರಿಗೆ ಕಲಿಸಲು ಹಚ್ಚಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಒಮ್ಮೊಮ್ಮೆ ಅದು ಒಳ್ಳೆಯದೇ. ಆದರೆ ಅವರೂ ದಿನದ ದುಡಿಮೆ ಮುಗಿಸಿ ಕಲಿಯಲೆಂದೇ ಬಂದವರು. ಅವರ ಸಂಜೆಯನ್ನು ಪರರಿಗೆ ದಾನ ಮಾಡುವ ಅಧಿಕಾರವು ಗುರುವಿಗಿಲ್ಲ.

ವೇಳೆಯನ್ನು ಅಳೆದು ಸಮನಾಗಿ ಹಂಚುವದು ಸಾಧ್ಯವಿಲ್ಲ. ಒಬ್ಬರಿಗೆ ಹೆಚ್ಚು ಬೇಕು, ಒಬ್ಬರಿಗೆ ಕಡಿಮೆ ಸಾಕು. ಮರ್ಯಾದೆಯನ್ನು ಮಾತ್ರ ಎಲ್ಲರಿಗೂ ಸಮನಾಗಿ ಕೊಡಲೇಬೇಕು. ಕಲಿಯಲು ಬಂದವನು ತಾನು ಬಲ್ಲದ್ದನ್ನು ಹೊಸ್ತಿಲ ಹೊರಗೆ ಬಿಟ್ಟು ಬರಬೇಕಾಗದ ವರ್ಗದಲ್ಲಿ, ಅರಿಯದ್ದನ್ನು ಕೇಳಲು ಅವನು ನಾಚಲಾರನು.